ಹಾವುಮೀನಿನ ತವರು

ನಮ್ಮ ಸೋಗಾನೆಯ ಒಂದು ಮಗ್ಗುಲಿಗೆ ತುಂಗೆ, ಇನ್ನೊಂದು ಮಗ್ಗುಲಿಗೆ ಭದ್ರೆ. ವಾಚಕರೇ, ಇಂಥ ಹೊಳೆಗಳಲ್ಲಿ ವಾಸಿಸುವ ಹಾವುಮೀನನ್ನು ಹಾವೆಂದು ಬಗೆದು ಬಡಿಯುವವರುಂಟು. ತಲೆಯ ಹಿಂದೆ ಇಕ್ಕೆಲಗಳಲ್ಲಿಯೂ ಪುಟ್ಟ ರೆಕ್ಕೆಗಳಿದ್ದರೆ ಅದು ಮೀನೇ ಹೊರತು ಹಾವಲ್ಲ.

ಹಗಲೆಲ್ಲ ಬಂಡೆಯ ಸಂದಿಯಲ್ಲಿ ಅಡಗಿದ್ದು, ಇರುಳಿನಲ್ಲಿ ಮೀನು, ಏಡಿ, ಸಿಗಡಿಗಳನ್ನು ಅರಸಿ ಹೊರಡುವುದು ಇದರ ಸ್ವಭಾವ. ಸಿಹಿನೀರಿನಲ್ಲಿ ಹಲವು ವರ್ಷ ಬೆಳೆದರೂ ಇದು ಅಲ್ಲಿ ಮೊಟ್ಟೆಯಿಡಲಾರದು. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಂತೆ ಇದು ಕಡಲಿಗೇ ಹೋಗಬೇಕು. ಆದರೆ ಹೋದದ್ದು ಮರಳಿ ಬಾರದು, ಅಲ್ಲಿಯೇ ಸಾಯುವುದು. ಎಲೆಯಂತೆ ಚಪ್ಪಟೆಯಾದ ಮರಿಗಳು ಕಡಲಿನಲ್ಲಿ ತೇಲಿಬಂದು, ತೀರದ ಬಳಿ ಗಾಜಿನ ಕಡ್ಡಿಯಂತಾಗಿ, ಹೊಳೆಗಳನ್ನು ಏರತೊಡಗುವುವು. ಯುರೋಪಿನ ಹಾವುಮೀನಿನ ತವರು ದೂರದ ಸಾರ್ಗಾಸೋ ಕಡಲೆಂಬುದನ್ನು ಡೆನ್ಮಾರ್ಕಿನ ಯೋಹಾನೆಸ್ ಸ್ಮಿತ್ ಎಂಬ ಪಂಡಿತನು ೧೯೨೨ರಲ್ಲಿ ಪ್ರಕಟಿಸಿದನು.

ಕೂಡಲಿಯಲ್ಲಿ ಒಂದಾದ ನಮ್ಮ ನದಿಯು ಕೃಷ್ಣೆಯೊಡಗೂಡಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆ ದಾರಿಗೆ ೧೯೫೩ರಿಂದ ಹೊಸಪೇಟೆಯ ಅಣೆಕಟ್ಟು ಅಡ್ಡವಾಗಿದೆ. ಅದರ ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳು. ಬೆಳೆಗೆ ನೀರು ಬೇಕು, ನಿಜ. ಆದರೆ ತವರಿನ ದಾರಿ ಮುಚ್ಚಿದ ಮೇಲೆ ಹೊಳೆಗೆ ಮರಿಗಳು ಎಲ್ಲಿಂದ ಬಂದಾವು? ಅಮರಕೋಶದಲ್ಲಿ ಸಮುದ್ರಕ್ಕೆ ಸರಿತ್ಪತಿಯೆಂದು ಹೆಸರು. ಆ ನಂಟು ನೀರಿನದು ಮಾತ್ರವಲ್ಲ, ಜೀವದ್ದೂ ಹೌದು. ಕಟ್ಟೆ ಕಟ್ಟುವವರು ಮೀನಿಗೆ ಏರಲೂ ಇಳಿಯಲೂ ದಾರಿಯನ್ನು ಬಿಡತಕ್ಕದ್ದು.