ಊಟದ ಬಿಲ್ಲಿನಿಂದ ಉರುಳಿದ ಸರ್ಕಾರ

ಹಾಸ್ಟೆಲಿನ ಊಟದ ಬಿಲ್ಲು ಮಂತ್ರಿಮಂಡಲವನ್ನೇ ಉರುಳಿಸೀತೇ? ಗುಜರಾತಿನಲ್ಲಿ ಹಾಗಾದದ್ದುಂಟು.

1972ರಲ್ಲಿ ಮಳೆ ಕೈಕೊಟ್ಟಿತು. ದೂರದ ಪೆಸಿಫಿಕ್ ಸಾಗರದ ನೀರು ಆ ವರ್ಷ ಬಿಸಿಯೇರಿದ್ದು, ಅಂದರೆ ‘ಎಲ್ ನಿನೊ’, ಅದಕ್ಕೊಂದು ಕಾರಣ. ಸೌರಾಷ್ಟ್ರದ ಕಡಲೆಕಾಯಿ ಬೆಳೆಗೆ ಮಳೆಯೇ ಆಧಾರ. ಗುಜರಾತಿನ ಅಡುಗೆಮನೆಗೆ ಕಡಲೆಕಾಯಿ ಎಣ್ಣೆಯೇ ಆಧಾರ. ಎಣ್ಣೆಯ ಬೆಲೆ ಏರಿತು. ಮರುವರ್ಷ ದೇಶದಲ್ಲಿ ಮಳೆ ಸುಧಾರಿಸಿದರೂ ಬೆಲೆ ಇಳಿಯಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ಮೋಡದ ತಲೆಗೆ ಕಟ್ಟುವಂತಿಲ್ಲ! ಎಣ್ಣೆ ವ್ಯಾಪಾರಿಗಳಿಗೂ ಸರ್ಕಾರಕ್ಕೂ ಒಳಒಪ್ಪಂದವಿದೆಯೆಂದು ಜನ ಗುಮಾನಿಪಟ್ಟರು.

1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಊಟದ ಶುಲ್ಕ ಶೇಕಡಾ 20ರಷ್ಟು ಏರಿತು. ಲೆಕ್ಕದ ಪುಸ್ತಕದಲ್ಲಿ ಶೇಕಡಾ 20 ಸಣ್ಣದು. ತಂದೆ ಕಳಿಸುವ ಮನಿಯಾರ್ಡರಿನಲ್ಲಿ ಸಣ್ಣದಲ್ಲ. ವಿದ್ಯಾರ್ಥಿಗಳು ಸಿಡಿದೆದ್ದರು. ಮನೆಯಲ್ಲೂ ಅದೇ ಎಣ್ಣೆ, ಅದೇ ಬೆಲೆ. ಆದ್ದರಿಂದ ಅಧ್ಯಾಪಕರು, ಗುಮಾಸ್ತರು ಜೊತೆಗೂಡಿದರು. ತಾಯಂದಿರು ತಟ್ಟೆ ಬಡಿದರು. ಚಳವಳಿಗೆ ‘ನವನಿರ್ಮಾಣ’ವೆಂದು ಹೆಸರಾಯಿತು.

1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮಾರ್ಚಿಯಲ್ಲಿ ವಿಧಾನಸಭೆಯೂ ವಿಸರ್ಜನೆಯಾಯಿತು. ಅಷ್ಟರಲ್ಲಿ ಗಲಭೆ, ಗೋಲಿಬಾರುಗಳಲ್ಲಿ ಸುಮಾರು ನೂರು ಮಂದಿ ಪ್ರಾಣ ಕಳೆದುಕೊಂಡಿದ್ದರು.

ಬೆಲೆ ಇಳಿಯಿತೇ? ಇಲ್ಲ. 1974ರಲ್ಲಿ ಇಡೀ ದೇಶದ ಬೆಲೆಯೇರಿಕೆಯೇ ಶೇಕಡಾ 20ನ್ನು ಮೀರಿತು.