ಕಾರು ತಗ್ಗಿಸುವ ಮುನ್ನ ಟೇಪು ಹಿಡಿಯಿರಿ

ನಮ್ಮ ಕರಾವಳಿಯ ಹುಡುಗರಿಗೆ ಕಾರಿನ ಹುಚ್ಚು ಹೊಸತೇನಲ್ಲ. ಮೊದಲೆಲ್ಲ ಅಲಾಯ್ ವೀಲು, ಸ್ಪೀಕರು ಅಂತ ಇತ್ತು. ಈಗ ಮಾತು ಕಾಯ್ಲೋವರ್‌ಗೆ ಬಂದು ನಿಂತಿದೆ. ಟಯರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ಹೋಗಬಾರದು, ಅದೇ ಗತ್ತು. ಆ ಆಸೆಯನ್ನು ನಾವು ಆಡಿಕೊಳ್ಳುವುದಿಲ್ಲ. ನಮ್ಮ ತಕರಾರು ಇಷ್ಟೇ: ಕಾರಿನ ಎತ್ತರವನ್ನು ರಸ್ತೆ ನೋಡಿ ನಿರ್ಧರಿಸುವ ಬದಲು ಫೋಟೋ ನೋಡಿ ನಿರ್ಧರಿಸಲಾಗುತ್ತಿದೆ.

ಸಣ್ಣ ಲೆಕ್ಕ ಮಾಡಿ ನೋಡುವ. ನಮ್ಮಲ್ಲಿ ಓಡಾಡುವ ಹಲವು ಸಣ್ಣ ಕಾರುಗಳ ಗ್ರೌಂಡ್ ಕ್ಲಿಯರೆನ್ಸ್ ಖಾಲಿ ಇದ್ದಾಗ 160ರಿಂದ 170 ಮಿಲಿಮೀಟರ್. ಅದರಲ್ಲಿ 50 ತಗ್ಗಿಸಿದರೆ ಉಳಿಯುವುದು 110–120. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿದರೆ ಇನ್ನೂ ಇಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರವೇ 100 ಮಿಲಿಮೀಟರ್. ಅದೂ 3.7 ಮೀಟರ್ ಅಗಲಕ್ಕೆ ನಿಧಾನವಾಗಿ ಏರಿ ಇಳಿಯಬೇಕು. ನಮ್ಮ ಒಳರಸ್ತೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಹಂಪುಗಳು ಆ ಪುಸ್ತಕ ಓದಿದವಲ್ಲ ಬಿಡಿ! ಚೇಂಬರ್ ಒಡೆದು ಆಯಿಲ್ ಸೋರಿದರೆ ಎಂಜಿನ್ನೇ ಹೋಯಿತು.

ಕಾಯ್ಲೋವರ್ ಅಂದರೆ ಶಾಕ್ ಅಬ್ಸಾರ್ಬರಿನ ಸುತ್ತಲೇ ಸ್ಪ್ರಿಂಗ್ ಕೂರಿಸಿದ ಜೋಡಣೆ. ಮೈಮೇಲೆ ಥ್ರೆಡ್ ಇರುತ್ತದೆ, ಅದರ ಮೇಲೆ ತಿರುಗುವ ರಿಂಗು ಸ್ಪ್ರಿಂಗನ್ನು ಹೊರುತ್ತದೆ. ರಿಂಗ್ ಕೆಳಗಿಳಿಸಿದರೆ ಕಾರು ತಗ್ಗುತ್ತದೆ. ಇಲ್ಲಿಯೇ ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಗ್ಗದ ಸೆಟ್ಟುಗಳಲ್ಲಿ ಹೀಗೆ ಇಳಿಸಿದಷ್ಟೂ ಶಾಕ್ ಒಳಗೆ ಒತ್ತುವುದಕ್ಕೆ ಉಳಿದ ಜಾಗ ಕಡಿಮೆಯಾಗುತ್ತದೆ. ಹೊಂಡಕ್ಕೆ ಬಿದ್ದಾಗ ಬಂಪ್ ಸ್ಟಾಪಿಗೆ ಬಡಿದು ಪೆಟ್ಟು ಬಾಡಿಗೆ ಹೋಗುತ್ತದೆ, ಹಿಂದಿನ ಸೀಟಿನಲ್ಲಿ ಕೂತ ಉಮ್ಮನ ಸೊಂಟಕ್ಕೂ ಹೋಗುತ್ತದೆ. ಒಳ್ಳೆಯ ಸೆಟ್ಟುಗಳಲ್ಲಿ ಕೆಳಗಿನ ಬ್ರಾಕೆಟ್ ಬೇರೆಯೇ ತಿರುಗುತ್ತದೆ. ಇಡೀ ಶಾಕಿನ ಉದ್ದ ಬದಲಾಗುತ್ತದೆ, ಒಳಗಿನ ಓಟ ಹಾಗೆಯೇ ಉಳಿಯುತ್ತದೆ. ಹಾಗಂತ ತೀರಾ ತಗ್ಗಿಸಿದರೆ ಇದರಲ್ಲೂ ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆ.

ಕೆಲಸ ಸರಿಯಾಗಿ ಆಗಬೇಕಾದರೆ ಮೊದಲು ಬೇಕಾದ್ದು ಸ್ಪ್ಯಾನರ್ ಅಲ್ಲ, ಟೇಪು. ಸಮತಟ್ಟು ನೆಲ, ನಾಲ್ಕೂ ಟಯರಿಗೆ ಸರಿಯಾದ ಗಾಳಿ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಬೇಕು. ಕಾರನ್ನು ಜಾಕಿನ ಮೇಲೆ ಮಾತ್ರ ಬಿಟ್ಟು ಕೈ ಹಾಕಬಾರದು, ಸ್ಟ್ಯಾಂಡ್ ಇಡಲೇಬೇಕು. ಥ್ರೆಡ್ಡಿನ ಧೂಳು ತೆಗೆದು, ಲಾಕ್ ರಿಂಗ್ ಸಡಿಲಿಸಿ, ಎಡಬಲ ಒಂದೇ ಲೆಕ್ಕದಲ್ಲಿ ತಿರುಗಿಸುವುದು. ರಿಂಗ್ 10 ಮಿಲಿಮೀಟರ್ ಇಳಿದರೆ ಕಾರೂ ಅಷ್ಟೇ ಇಳಿಯುತ್ತದೆ ಅಂತ ತಿಳಿಯಬೇಡಿ. ಸ್ಪ್ರಿಂಗ್ ಚಕ್ರದಿಂದ ಒಳಗೆ ಕೂತಿರುವ ಕಾರುಗಳಲ್ಲಿ ಅದಕ್ಕಿಂತ ಹೆಚ್ಚೇ ಇಳಿಯುತ್ತದೆ. ಕೆಳಗಿಳಿಸಿದ ಮೇಲೆ ಸ್ವಲ್ಪ ಓಡಿಸಿ ಸ್ಪ್ರಿಂಗ್ ಕೂರಲು ಬಿಟ್ಟು ಮತ್ತೆ ಅಳೆಯಬೇಕು. ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟಿನ ನೇರ. ಎತ್ತರ ಬದಲಾದಾಗ ಚಕ್ರದ ಓರೆಯೂ ಬದಲಾಗುತ್ತದೆ. ಅಲೈನ್‌ಮೆಂಟಿನ ಹಣ ಉಳಿಸಿದವರ ಟಯರು ಒಳಬದಿಯಲ್ಲಿ ಬೋಳಾಗುವುದು ಇದರಿಂದಲೇ. ನಮ್ಮ ಉಪ್ಪುಗಾಳಿ, ಕೆಂಪುಮಣ್ಣು, ಮಳೆಗಾಲ ಸೇರಿದರೆ ರಿಂಗ್ ಕಚ್ಚಿಕೊಳ್ಳುತ್ತದೆ. ಮಳೆಗೆ ಮೊದಲು, ಮಳೆ ನಿಂತ ಮೇಲೆ ತೊಳೆದು ಒರೆಸದಿದ್ದರೆ ಮುಂದಿನ ಸಲ ಸುತ್ತಿಗೆಯೇ ಗತಿ.

ಇನ್ನು ಕಾನೂನು. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡಕ್ಕಿಂತ ದೊಡ್ಡ ಭಯ ವಿಮೆಯದ್ದು. ಕಂಪೆನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ತಕರಾರಾಗಿ ಎದುರು ನಿಲ್ಲುತ್ತದೆ. ಆಗ ಸಾಲ ತೀರಿಸುವವರು ಮನೆಯವರು.

ಗಲ್ಫಿನಲ್ಲಿರುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಯುಎಇಯ 2017ರ ನಿಯಮದಂತೆ ಅನುಮತಿಯಿಲ್ಲದೆ ಎಂಜಿನ್ ಅಥವಾ ಚಾಸಿಗೆ ಕೈ ಹಚ್ಚಿದರೆ 1,000 ದಿರ್ಹಮ್, 12 ಕಪ್ಪು ಅಂಕ, 30 ದಿನ ಕಾರು ಜಪ್ತಿ. ಅಲ್ಲಿ ಕಂಪೆನಿ ಕಾರನ್ನು ಮುಟ್ಟದವರೇ ರಜೆಗೆ ಬಂದಾಗ ತಮ್ಮನ ಕಾರಿಗೆ ಸೆಟ್ಟು ತರುತ್ತಾರೆ!

ಆದರೆ ತಪ್ಪೆಲ್ಲ ಹುಡುಗರದ್ದೇ ಅಂತ ಹೇಳಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಅಳತೆ ಹಿಡಿದು ಎರಡು ಸೆಂಟಿಮೀಟರ್ ಇಳಿಸಿದವನಿಗೂ ಸ್ಪ್ರಿಂಗ್ ಕತ್ತರಿಸಿ ನೆಲಕ್ಕೆ ತಾಗಿಸಿದವನಿಗೂ ಒಂದೇ ಶಿಕ್ಷೆ ಅಂದರೆ, ಒಳ್ಳೆಯ ಕೆಲಸ ಬಲ್ಲ ಮೆಕ್ಯಾನಿಕ್ಕೂ ಕದ್ದು ಮಾಡಬೇಕಾಗುತ್ತದೆ. ಇಂತಿಷ್ಟು ಮಿಲಿಮೀಟರ್ ಅಂತ ಸ್ಪಷ್ಟ ಮಿತಿ ಹಾಕಿ, ಆರ್‌ಟಿಒದಲ್ಲಿ ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸುವ ದಾರಿಯನ್ನು ಸಾರಿಗೆ ಇಲಾಖೆ ತೆರೆಯಲಿ. ಅದು ಆಗುವವರೆಗೆ, ಸೆಟ್ಟಿನ ದುಡ್ಡು ಕೊಡುವ ಮೊದಲು ಮನೆಯಿಂದ ಮುಖ್ಯರಸ್ತೆವರೆಗೆ ಎಷ್ಟು ಹಂಪು ಇದೆ ಅಂತ ಎಣಿಸಿ, ಅತಿ ಎತ್ತರದ್ದನ್ನು ಟೇಪಿನಲ್ಲಿ ಅಳೆದು ಬನ್ನಿ.