ಏಳಕ್ಕೆ ಕಾಲು, ಏಳೂಕಾಲು

ಇಂಗ್ಲಿಷ್ ಶಾಲೆಗೆ ಹೋಗುವ ಮಗುವಿಗೆ ಗಡಿಯಾರದ ಪಾಠ ಬಂತೆಂದರೆ ನಮ್ಮ ಮನೆಗಳಲ್ಲಿ ಸಣ್ಣದೊಂದು ರಗಳೆ ಇದ್ದದ್ದೇ. ‘ಕ್ವಾರ್ಟರ್ ಟು ಸೆವೆನ್’ ಬರೆದು ತೋರಿಸು ಎಂದರೆ ಮಗು ದೊಡ್ಡ ಮುಳ್ಳನ್ನು ಮೂರರ ಮೇಲಿಟ್ಟು ಏಳೂಕಾಲು ಮಾಡಿಬಿಡುತ್ತದೆ. ತಾಯಿ ಗದರುತ್ತಾಳೆ. ಪಾಪ, ಮಗುವಿನದೇನು ತಪ್ಪು? ಕಾಲು ಎಂಬುದು ಕಿವಿಗೆ ಬಿತ್ತು, ಏಳು ಎಂಬುದೂ ಬಿತ್ತು; ಎರಡನ್ನೂ ಕೂಡಿಸಿತು. ನಮ್ಮ ಲೆಕ್ಕವೇ ಕೂಡುವ ಲೆಕ್ಕವಷ್ಟೆ. ಆರೂಕಾಲು, ಆರೂವರೆ, ಆರೂಮುಕ್ಕಾಲು ಎಂದು ಕಳೆದ ಗಂಟೆಯ ಮೇಲೆ ಪೇರಿಸುತ್ತ ಹೋಗುತ್ತೇವೆ.

ಚೆನ್ನೈಯ ಬೀದಿಯಲ್ಲಿ ಕಿವಿಗೆ ಬೀಳುವ ತಮಿಳಿನ ಕ್ರಮವೂ ಇದೇ: ಕಾಲ್, ಅರೈ, ಮುಕ್ಕಾಲ್. ನಾವು ಗಂಟೆ ಎಂಬಲ್ಲಿ ಅವರು ಮಣಿ ಎನ್ನುತ್ತಾರೆ. ಎರಡೂ ಬಾರಿಸುವ ಗಂಟೆಯ ಹೆಸರೇ. ಗಡಿಯಾರದ ಮುಳ್ಳು ಅವರಿಗೂ ಮುಳ್ಳೇ. ಇಂಗ್ಲಿಷಿನವರಿಗೆ ಮಾತ್ರ ಅದು ಕೈ. ಅರ್ಧ ಗಂಟೆ ದಾಟಿತೋ ಇಲ್ಲವೋ, ಆ ಭಾಷೆ ಹಿಂದಿನ ಗಂಟೆಯನ್ನು ಬಿಟ್ಟು ಮುಂದಿನದರ ಕಡೆ ತಿರುಗುತ್ತದೆ. ಜರ್ಮನರು ಇನ್ನೂ ಅವಸರದವರು. ‘ಅರ್ಧ ಏಳು’ ಎಂದರೆ ಅವರಲ್ಲಿ ಆರೂವರೆ!

ಆದರೆ ಮುಂದಿನ ಗಂಟೆಯನ್ನು ನೋಡುವ ಮಾತು ಕನ್ನಡದಲ್ಲಿ ಇಲ್ಲವೇ ಇಲ್ಲವೆಂದಲ್ಲ. ‘ಏಳಕ್ಕೆ ಹತ್ತು ನಿಮಿಷ ಇದೆ, ಏಳಪ್ಪ’ ಎಂದು ಅಜ್ಜಿ ಎಬ್ಬಿಸುವುದಿಲ್ಲವೆ? ಆ ‘ಕ್ಕೆ’ಯೇ ಇಂಗ್ಲಿಷಿನ ‘ಟು’. ಏಳು ಹೊಡೆದು ಹತ್ತು ನಿಮಿಷವಾಯಿತು ಎನ್ನುವಾಗಿನ ‘ಹೊಡೆದು’ ಅವರ ‘ಪಾಸ್ಟ್’. ಕ್ವಾರ್ಟರ್ ಟು ಸೆವೆನ್ ಎಂದರೆ ಏಳಕ್ಕೆ ಕಾಲು ಗಂಟೆ ಇದೆ ಎಂದು ಒಮ್ಮೆ ಹೇಳಿಕೊಟ್ಟು, ದೊಡ್ಡ ಮುಳ್ಳು ಬಲಗಡೆ ಇಳಿಯುವಾಗ ‘ಹೊಡೆದು’, ಎಡಗಡೆ ಏರುವಾಗ ‘ಕ್ಕೆ’ ಎಂದು ತೋರಿಸಿದರೆ ಸಾಕು. ಮೊದಲು ಇಂಗ್ಲಿಷು ಬರಲಿ, ಕನ್ನಡ ಆಮೇಲೆ ನೋಡೋಣ ಎನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ. ಇಲ್ಲಿ ಕನ್ನಡವೇ ಇಂಗ್ಲಿಷಿಗೆ ಏಣಿ.

ನಿಮಿಷದ ಈ ಗೀಳು ಇಷ್ಟು ಬಲವಾದದ್ದು ರೈಲಿನಿಂದ. ಹಿಂದಿನವರಿಗೆ ಇಪ್ಪತ್ತನಾಲ್ಕು ನಿಮಿಷದ ಗಳಿಗೆ, ಮೂರು ಗಂಟೆಯ ಜಾವ ಸಾಕಾಗಿತ್ತು. ನಮ್ಮ ಊರಿಗೂ ಈ ಕಥೆಯಲ್ಲಿ ಪಾಲುಂಟು. ನುಂಗಂಬಾಕ್ಕಂನಲ್ಲಿ ೧೭೯೨ರಲ್ಲಿ ಕಟ್ಟಿದ ಖಗೋಳ ವೀಕ್ಷಣಾಲಯದ ವೇಳೆಯನ್ನೇ ಮುಂದೆ ಭಾರತದ ರೈಲುಗಳು ಬಹುಕಾಲ ಅನುಸರಿಸಿದವು. ಅದು ಗ್ರೀನಿಚ್‌ಗಿಂತ ಐದು ಗಂಟೆ ಇಪ್ಪತ್ತೊಂದು ನಿಮಿಷ ಮುಂದಿತ್ತು. ೧೯೦೬ರಲ್ಲಿ ಐದೂವರೆ ಗಂಟೆಯ ಭಾರತೀಯ ಕಾಲಮಾನ ಬಂದಾಗ ಒಂಬತ್ತು ನಿಮಿಷದ ವ್ಯತ್ಯಾಸವಾಯಿತು.

ಈಗಿನ ತೊಂದರೆ ಬೇರೆ. ಮೊಬೈಲಿನಲ್ಲಿ ಅಂಕೆ ಓದಿ ‘ಸಿಕ್ಸ್ ಫಾರ್ಟಿಫೈವ್’ ಎನ್ನುವ ಹುಡುಗನಿಗೆ ಮುಳ್ಳೂ ಬೇಡ, ಮುಕ್ಕಾಲೂ ಬೇಡ. ಮೈಸೂರಿನಿಂದ ತಾತ ಫೋನು ಮಾಡಿ ‘ಆರೂಮುಕ್ಕಾಲಿಗೆ ಸ್ಟೇಷನ್ನಿಗೆ ಬರುತ್ತೇನಪ್ಪ’ ಎಂದರೆ ಅವನು ಅಮ್ಮನ ಮುಖ ನೋಡುತ್ತಾನೆ. ತಾತನೂ ಮೊಮ್ಮಗನೂ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಲು ನಡುವೆ ದುಭಾಷಿ ಬೇಕಾದದ್ದು ನಮಗಂತೂ ನಗುವ ವಿಷಯವಾಗಿ ಕಾಣಲಿಲ್ಲ. ಊಟದ ಮನೆಯ ಗೋಡೆಗೆ ಮುಳ್ಳಿನ ಗಡಿಯಾರವೊಂದಿರಲಿ. ಹೊತ್ತೆಷ್ಟು ಎಂದು ಮಕ್ಕಳನ್ನೇ ಕೇಳಿ, ಎರಡು ಭಾಷೆಯಲ್ಲೂ ಹೇಳಿಸಿ.

ರೈಲಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ರೈಲ್ವೆಯವರದು ಇಪ್ಪತ್ತನಾಲ್ಕು ಗಂಟೆಯ ಲೆಕ್ಕ, ತಾರೀಖು ನಡುರಾತ್ರಿಗೇ ಬದಲು. ಪಂಚಾಂಗದ ವಾರವಾದರೋ ಸೂರ್ಯೋದಯಕ್ಕೆ ಹುಟ್ಟುವುದು. ಆದ್ದರಿಂದ ಶನಿವಾರದ ತಾರೀಖು ಹಾಕಿದ ೦೦.೧೦ರ ಟಿಕೀಟು ಕೈಯಲ್ಲಿದ್ದರೆ, ಶುಕ್ರವಾರ ರಾತ್ರಿಯೇ ಊಟ ಮುಗಿಸಿ ಹೊರಡತಕ್ಕದ್ದು.